ಟುಲಿಪ್ ಹೂ ಉದುರಿದ ಮೇಲೆ ಪಾಟನ್ನ ಏನ್ ಮಾಡಿದೆ: ನನ್ನ ಅನುಭವ

ಮೊದಲನೇ ಸಲ ನಾನು ಮಾಡಿದ್ದು ಶುದ್ಧ ಪೆದ್ದುತನ. ಗೆಳತಿ ಕೊಟ್ಟಿದ್ದ ಪಾಟು, ಅದ್ರಲ್ಲಿ ಏಳು ಟುಲಿಪ್, ಒಂದು ವಾರ ಹತ್ತು ದಿನ ಕಣ್ಣು ಕೀಳೋಕೆ ಆಗ್ತಿರ್ಲಿಲ್ಲ, ಆಮೇಲೆ ಒಂದ್ ಬೆಳಿಗ್ಗೆ ಎದ್ದು ನೋಡಿದ್ರೆ ದಳ ಎಲ್ಲಾ ಕಿಟಕಿ ಕಟ್ಟೆ ಮೇಲೆ. ಹೂವೇ ಇಲ್ಲ ಅಂದ್ಮೇಲೆ ಬರೀ ಎಲೆ ಇಟ್ಕೊಂಡು ಏನ್ ಮಾಡೋದು ಅಂತ ಕತ್ತರಿ ತಗೊಂಡು ಎಲೆ ದಂಟು ಎಲ್ಲಾ ಬುಡಕ್ಕೆ ಕತ್ತರಿಸಿ, ಗೆಡ್ಡೆ ಕಿತ್ತು, ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಇಟ್ಬಿಟ್ಟೆ. ಎರಡು ತಿಂಗಳು ಬಿಟ್ಟು ಬಿಚ್ಚಿದ್ರೆ ಹುಳಿ ವಾಸನೆ, ಬಿಳಿ ಬೂಷ್ಟು, ಒತ್ತಿದ್ರೆ ಬೆರಳು ಒಳಗೇ ಹೋಯ್ತು. ಏಳಕ್ಕೆ ಏಳೂ ಕಸದ ಬುಟ್ಟಿಗೆ.

ಎರಡನೇ ಸಲ ಇನ್ನೊಂದು ಪಾಟು ಸಿಕ್ಕಿದಾಗ ಸ್ವಲ್ಪ ಓದ್ಕೊಂಡು ಕೈ ಹಾಕಿದೆ. ದಳ ಉದುರಿದ ತಕ್ಷಣ ದಂಟಿನ ತುದೀಲಿ ಹಸಿರು ಕಾಯಿ ತರ ಒಂದು ಉಳ್ಕೊಂಡಿರುತ್ತೆ ನೋಡಿ, ಅದನ್ನ ಮಾತ್ರ ಚಿವುಟಿ ತೆಗೆದೆ, ಬಿಟ್ರೆ ಬೀಜ ಕಟ್ಟೋಕೆ ಶಕ್ತಿ ಎಲ್ಲಾ ಅಲ್ಲಿಗೇ ಹೋಗುತ್ತೆ. ದಂಟು ಎಲೆ ಹಾಗೇ ಬಿಟ್ಟೆ, ಹಸಿರಾಗಿರೋ ದಂಟು ಕೂಡ ಎಲೆ ಮಾಡೋ ಕೆಲಸಾನೇ ಮಾಡುತ್ತೆ. ಪಾಟಿಗೆ ಸುತ್ತಿದ್ದ ಬಣ್ಣದ ಹಾಳೆ ಬಿಚ್ಚಿದ್ರೆ ಅದ್ರೊಳಗೆ ಎರಡು ಬೆರಳು ನೀರು ನಿಂತಿತ್ತು, ಇಷ್ಟು ದಿನ ಬೇರು ಅದ್ರಲ್ಲೇ ನೆನೀತಾ ಇತ್ತು ಅಂತ ಆಗ್ಲೇ ಗೊತ್ತಾಗಿದ್ದು. ಗಿಫ್ಟ್ ಪಾಟು ಬಂದ ದಿನಾನೇ ಆ ಹಾಳೆ ತೆಗೆದುಬಿಡಿ.

ಆಮೇಲೆ ಬಿಸಿಲು ಚೆನ್ನಾಗಿ ಬೀಳೋ ಕಡೆ ಇಟ್ಟು, ಮೇಲ್ಮಣ್ಣು ಒಣಗಿದಾಗ ನೀರು, ಹತ್ತು ಹದಿನೈದು ದಿನಕ್ಕೊಂದ್ ಸಲ ಪೊಟ್ಯಾಶ್ ಜಾಸ್ತಿ ಇರೋ ಲಿಕ್ವಿಡ್ ಗೊಬ್ಬರನ ಹೇಳಿದ್ದಕ್ಕಿಂತ ಅರ್ಧ ತೆಳು ಮಾಡಿ ಹಾಕ್ತಿದ್ದೆ. ಸುಮಾರು 6 ವಾರ ಇದೇ ಕೆಲಸ. ನೋಡೋಕೆ ಚೆಂದ ಇರಲ್ಲ ಒಪ್ಕೋತೀನಿ, ಎಲೆ ಜೋತು ಬೀಳುತ್ತೆ, ತುದಿ ಹಳದಿ ಆಗುತ್ತೆ, ಮನೆಗೆ ಬಂದೋರೆಲ್ಲಾ ಗಿಡ ಸತ್ತೋಯ್ತಲ್ಲಾ ಅಂತಾರೆ. ಕೆಲವರು ಎಲೆನ ಜಡೆ ಹೆಣೆದು ರಬ್ಬರ್ ಬ್ಯಾಂಡ್ ಹಾಕ್ತಾರೆ, ಅದು ಮಾಡ್ಬೇಡಿ, ಬಿಸಿಲು ಬೀಳದ ಎಲೆ ಇದ್ದೂ ಏನು ಪ್ರಯೋಜನ. ನಾನು ಬೇರೆ ಎರಡು ಪಾಟಿನ ಹಿಂದೆ ತಳ್ಳಿ ಮುಚ್ಚಿಟ್ಟೆ ಅಷ್ಟೇ. ಹಳದಿ ಜಾಸ್ತಿ ಆಗ್ತಾ ಬಂದ ಹಾಗೆ ಗೊಬ್ಬರ ನಿಲ್ಲಿಸಿ ನೀರು ಕಮ್ಮಿ ಮಾಡ್ದೆ, ಎಲೆ ಎಳೆದ್ರೆ ಪಟ್ ಅಂತ ಕೈಗೆ ಬರೋ ಹಾಗಾದಾಗ ನೀರು ಪೂರ್ತಿ ಬಂದ್.

ಪಾಟು ಸುರಿದಾಗ ನಿಜವಾದ ಆಶ್ಚರ್ಯ. ಇಷ್ಟು ದಿನ ಕಾಪಾಡ್ತಾ ಇದ್ದೀನಿ ಅಂದ್ಕೊಂಡಿದ್ದ ಗೆಡ್ಡೆ ಅಲ್ಲಿ ಇರ್ಲೇ ಇಲ್ಲ! ಒಣಗಿದ ಕಂದು ಸಿಪ್ಪೆ, ಮಧ್ಯೆ ಹಳೇ ದಂಟಿನ ಬುಡ, ಅದಕ್ಕೆ ಅಂಟ್ಕೊಂಡು ಒಂದು ಕಡೆ ಚಪ್ಪಟೆ ಇರೋ ಹೊಸ ಗೆಡ್ಡೆ, ಪಕ್ಕದಲ್ಲಿ ಬಟಾಣಿ ಗಾತ್ರದ ಮರಿಗಳು. ಬಾಳೆ ಗೊನೆ ಬಿಟ್ಟ ಮೇಲೆ ತಾಯಿ ಗಿಡ ಹೋಗಿ ಕಂದು ಉಳಿಯುತ್ತಲ್ಲ, ಟುಲಿಪ್‌ದೂ ಅದೇ ಕತೆ, ತಾಯಿ ಗೆಡ್ಡೆ ಹೂವಿಗೆ ಎಲೆಗೆ ಸವೆದು ಅದ್ರ ಜಾಗದಲ್ಲಿ ಮಕ್ಕಳು ಬಲೀತವೆ. ಅಂದ್ರೆ ಮುಂದಿನ ವರ್ಷ ಹೂ ಬಿಡಬೇಕಾಗಿರೋದು ಈ ಮಕ್ಕಳು, ಅವು ಎಷ್ಟು ದಪ್ಪ ಆಗ್ತವೆ ಅನ್ನೋದು ಆ ಜೋತು ಬಿದ್ದ ಎಲೆ ಕೈಯಲ್ಲೇ ಇದೆ. ಮೊದಲ ಸಲ ಎಲೆ ಕತ್ತರಿಸಿದಾಗ ನಾನು ಕತ್ತರಿಸಿದ್ದು ಇವುಗಳ ಊಟಾನ.

ದಾರ ಸುತ್ತಿ ಸ್ಕೇಲ್ ಮೇಲಿಟ್ಟು ಅಳೆದೆ. ಸುತ್ತಳತೆ 10 ಸೆಂ.ಮೀ. ಮೇಲಿದ್ರೆ ಹೂವಿನ ಆಸೆ ಇಟ್ಕೋಬಹುದು, 12 ದಾಟಿದ್ರೆ ಇನ್ನೂ ಒಳ್ಳೇದು. ನನಗೆ ಸಿಕ್ಕಿದ್ದು ಹಾಗಿರೋವು ಐದು, ಮಿಕ್ಕಿದ್ದೆಲ್ಲಾ ಚಿಲ್ಲರೆ. ಒಂದು ಮಾತು, ಗೆಡ್ಡೆ ತುಂಬಾ ಹೊತ್ತು ಮುಟ್ಟೋದಾದ್ರೆ ಗ್ಲೌಸ್ ಹಾಕಿ, ಅದರಲ್ಲಿರೋ ಟುಲಿಪಾಲಿನ್ ಅನ್ನೋ ಅಂಶ ಕೆಲವರಿಗೆ ಬೆರಳ ತುದಿ ಒಡೆದು ತುರಿಕೆ ಬರಿಸುತ್ತೆ, ನನಗೆ ಎರಡು ದಿನ ಉರೀತು.

ತೊಳೀಲಿಲ್ಲ, ಮಣ್ಣು ಉದುರಿಸಿ ನೆರಳಲ್ಲಿ ಒಣಗಿಸಿ, ಮೆತ್ತಗಿದ್ದಿದ್ದು ಬಿಸಾಕಿ, ಮಿಕ್ಕಿದ್ದು ಬಲೆ ಚೀಲದಲ್ಲಿ ಗಾಳಿ ಆಡೋ ಕಡೆ ನೇತು ಹಾಕ್ದೆ. ಸುಮಾರು 20 ಡಿಗ್ರಿ ಇದ್ರೆ ಸಾಕು. ಇಲ್ಲಿ ಗೆಡ್ಡೆ ಸುಮ್ನೆ ಮಲಗಿರುತ್ತೆ ಅಂದ್ಕೋಬೇಡಿ, ಮುಂದಿನ ಹೂವಿನ ಮೊಗ್ಗು ಒಳಗೆ ತಯಾರಾಗೋದೇ ಈ ಬೆಚ್ಚಗಿರೋ ಕಾಲದಲ್ಲಿ. ತಡೆಯೋಕಾಗದೆ ಐದರಲ್ಲಿ ಒಂದನ್ನ ಬಲಿ ಕೊಟ್ಟೆ, ಶೀತಕ್ಕೆ ಇಡೋ ಮುಂಚೆ ಉದ್ದಕ್ಕೆ ಸೀಳಿದೆ, ಬಿಳಿ ಪದರಗಳ ನಟ್ಟನಡುವೆ ಅಕ್ಕಿ ಕಾಳಿನಷ್ಟು ಹಳದಿ ಹಸಿರು ಮೊಗ್ಗು, ಲೆನ್ಸ್ ಹಿಡಿದ್ರೆ ಕೇಸರ ಕೂಡ ಬೇರೆ ಬೇರೆ ಕಾಣ್ತಿತ್ತು. ಗೆಡ್ಡೆ ಹೋಯ್ತು ಅಂತ ಬೇಜಾರೇ ಆಗ್ಲಿಲ್ಲ.

ಆಮೇಲೆ ಚಳಿ. ಇದರ ಮೂಲ ಮಧ್ಯ ಏಷ್ಯಾದ ತಿಯಾನ್ ಶಾನ್ ಕಡೆಯ ಬೆಟ್ಟಗಳು, ಅಲ್ಲಿ ಬೇಸಿಗೆ ಒಣ, ಚಳಿಗಾಲ ಹಿಮ, ಆ ಲೆಕ್ಕ ತಪ್ಪಿದ್ರೆ ದಂಟು ಮೇಲೆ ಬರಲ್ಲ, ಮೊಗ್ಗು ಎಲೆ ಮಧ್ಯಾನೇ ಸಿಕ್ಕಾಕೊಂಡು ಸಾಯುತ್ತೆ. 9 ಡಿಗ್ರಿ ಒಳಗೆ 12ರಿಂದ 16 ವಾರ ಬೇಕು. ಫ್ರಿಜ್ ಓಕೆ, ಫ್ರೀಜರ್ ಬೇಡ. ಪೇಪರ್ ಕವರಿಗೆ ತೂತು ಮಾಡಿ ಇಟ್ಟೆ, ಆದ್ರೆ ಅದೇ ಫ್ರಿಜ್ಜಲ್ಲಿ ಸೇಬು ಗೀಬು ಇಡೋ ಹಾಗಿಲ್ಲ, ಹಣ್ಣು ಬಿಡೋ ಎಥಿಲೀನ್ ಗ್ಯಾಸಿಗೆ ಒಳಗಿನ ಮೊಗ್ಗು ಸುಟ್ಟೋಗುತ್ತೆ. ಮೂರು ತಿಂಗಳು ಹಣ್ಣೆಲ್ಲಾ ಹೊರಗೆ. ಮತ್ತೆ ಕವರ್ ಮೇಲೆ ದೊಡ್ಡದಾಗಿ "ಇದು ಈರುಳ್ಳಿ ಅಲ್ಲ" ಅಂತ ಬರೆಯಿರಿ, ನಮ್ಮನೇಲಿ ಒಂದು ಗೆಡ್ಡೆ ಕತ್ತರಿಸೋ ಮಣೆ ವರೆಗೂ ಹೋಗಿ ವಾಪಸ್ ಬಂತು, ಹೊಟ್ಟೆಗೆ ಹೋಗಿದ್ರೆ ವಾಂತಿ ಗ್ಯಾರಂಟಿ.

ನೆಡುವಾಗ ಹೊಸ ಮಣ್ಣು, ಚೂಪು ತುದಿ ಮೇಲೆ, ಗೆಡ್ಡೆ ಎತ್ತರದ ಎರಡು ಮೂರು ಪಟ್ಟು ಆಳ. ಉಳಿದ ನಾಲ್ಕರಲ್ಲಿ ಮೂರು ಹೂ ಬಿಟ್ಟವು, ದಂಟು ಗಿಡ್ಡ, ಹೂ ಮೊದಲಿಗಿಂತ ಸಣ್ಣದು. ನಾಲ್ಕನೇದು ಅಗಲವಾದ ಒಂದೇ ಒಂದು ಎಲೆ ಬಿಟ್ಟು ಸುಮ್ಮನಾಯ್ತು. ಒಂಟಿ ಎಲೆ ಬಂತು ಅಂದ್ರೆ ಆ ವರ್ಷ ಹೂ ಇಲ್ಲ ಅಂತ ಅರ್ಥ, ಕಾಯೋದು ದಂಡ.

ನಿಜ ಹೇಳ್ಬೇಕಂದ್ರೆ ಎಲ್ಲಾ ಜಾತಿಗೂ ಇಷ್ಟು ಪಾಡು ಪಡೋದು ಲಾಭ ಇಲ್ಲ. ಪ್ಯಾರಟ್, ಡಬಲ್ ಇಂಥವು ಒಂದು ಸಲ ಮೆರೆದು ಸುಸ್ತಾಗೋ ಪೈಕಿ, ನಾನಾದ್ರೆ ಹೂ ಮುಗಿದ ಮೇಲೆ ನೇರ ಕಾಂಪೋಸ್ಟಿಗೆ. ಡಾರ್ವಿನ್ ಹೈಬ್ರಿಡ್ ಮತ್ತೆ ಕ್ಲೂಸಿಯಾನಾ, ಟಾರ್ಡಾ ತರ ಗಿಡ್ಡ ಕಾಡು ಜಾತಿಗಳು ಮತ್ತೆ ಬರೋ ಚಾನ್ಸ್ ಜಾಸ್ತಿ. ನನ್ನ ಪಾಟಲ್ಲಿದ್ದಿದ್ದು ಡಾರ್ವಿನ್, ಅದೃಷ್ಟ.

ಮರಿಗಳನ್ನ ಬೇರೆ ಟ್ರೇಲಿ ಹಾಕಿದ್ದೀನಿ. ದೊಡ್ಡವುಗಳ ಎಲೆ ಹೋದ ವಾರಾನೇ ಒಣಗಿ ಬಂತು, ಇವು ಹುಲ್ಲಿನಷ್ಟು ಸಣ್ಣ ಒಂಟಿ ಎಲೆ ಇಟ್ಕೊಂಡು ಇನ್ನೂ ಹಸಿರಾಗೇ ಇವೆ, ಹಾಗಾಗಿ ನೀರು ನಿಲ್ಲಿಸಿಲ್ಲ.