ಹುಳುಕಡ್ಡಿ ಕೆರೆದು ಪೊಟ್ಟಣ ಕಟ್ಟುವ ಕೆಲಸ

ನಮ್ಮ ಲ್ಯಾಬ್‌ಗೆ ಫಂಗಸ್ ಕಲ್ಚರ್‌ಗೆಂದು, ಅಂದರೆ ಫಂಗಸ್ ಬೆಳೆಸಿ ನೋಡುವ ಪರೀಕ್ಷೆಗೆಂದು, ಬರುವವರಲ್ಲಿ ಹುಳುಕಡ್ಡಿಯವರೇ ಜಾಸ್ತಿ. ತೊಡೆಸಂದು, ಸೊಂಟ, ಲಂಗದ ದಾರ ಕಟ್ಟುವ ಜಾಗ. ಸ್ಯಾಂಪಲ್ ಸರಿಯಾಗಿ ತೆಗೆಯದಿದ್ದರೆ ಆಮೇಲೆ ಎಷ್ಟು ಒಳ್ಳೆಯ ಇನ್‌ಕ್ಯುಬೇಟರ್ ಇದ್ದರೂ ಪ್ರಯೋಜನವಿಲ್ಲ.

ಕೂರಿಸಿದ ಕೂಡಲೇ ಕೇಳುತ್ತೇನೆ: "ಏನು ಹಚ್ಚಿದ್ದೀರಮ್ಮಾ?"

"ಏನೂ ಇಲ್ಲ ಮೇಡಂ."

"ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಟ್ಯೂಬೂ ಇಲ್ವಾ?"

ಆಗ ಪರ್ಸಿನಿಂದ ಅರ್ಧ ಹಿಂಡಿದ ಟ್ಯೂಬ್ ಹೊರಗೆ ಬರುತ್ತದೆ. ಎಷ್ಟೋ ಸಲ ಅದರಲ್ಲಿ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧ ಎಲ್ಲ ಬೆರೆತಿರುತ್ತವೆ. ತುರಿಕೆ ಅಡಗುತ್ತದೆ, ಕೆಂಪು ಇಳಿಯುತ್ತದೆ, ಫಂಗಸ್ ಮಾತ್ರ ಸುಮ್ನೆ ಹರಡುತ್ತಾ ಹೋಗುತ್ತದೆ. ಇಂಥವರ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಫಂಗಸ್‌ನ ಎಳೆ ಕಂಡರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಅದಕ್ಕೇ ಮುಲಾಮಿನ ಹೆಸರನ್ನು ಫಾರಂ ಮೇಲೆ ಬರೆದುಬಿಡುತ್ತೇನೆ. ಡಾಕ್ಟರು ಒಪ್ಪಿದರೆ, ಹಚ್ಚುವುದು ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ ಎನ್ನುತ್ತೇವೆ.

ಜಾಗವನ್ನು 70% ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಜಿಡ್ಡೂ ಹೋಗುತ್ತದೆ, ಬ್ಯಾಕ್ಟೀರಿಯಾ ಕಾಟವೂ ಕಡಿಮೆಯಾಗುತ್ತದೆ. ಹುಳುಕಡ್ಡಿ ಉಂಗುರದ ಹಾಗೆ ಹರಡುವುದರಿಂದ ನಡುವಿನ ಚರ್ಮ ಆಗಲೇ ಮಾಯುತ್ತಾ ಬಂದಿರುತ್ತದೆ. ಫಂಗಸ್ ಚುರುಕಾಗಿರುವುದು ಉಬ್ಬಿದ ಅಂಚಿನಲ್ಲಿ. ಅಲ್ಲೇ 15ನೇ ನಂಬರಿನ ಬ್ಲೇಡನ್ನು ಚರ್ಮಕ್ಕೆ ನೆಟ್ಟಗೆ ಹಿಡಿದು, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಕೆರೆಯುತ್ತೇನೆ. ರಕ್ತ ಬರಬಾರದು. ಕೆಳಗೆ ಕಪ್ಪು ಕಾಗದ ಹಿಡಿದರೆ ಉದುರುವ ಬಿಳಿ ಹೊಟ್ಟು ಚೆನ್ನಾಗಿ ಕಾಣುತ್ತದೆ, ಸಾಕೋ ಇನ್ನೂ ಬೇಕೋ ಅಂತ ಅಲ್ಲೇ ಗೊತ್ತಾಗುತ್ತದೆ. ಸ್ಲೈಡಿಗೂ ಬೇಕು, ಕಲ್ಚರ್‌ಗೂ ಬೇಕು, ಜಿಪುಣತನ ಮಾಡುವಂತಿಲ್ಲ.

ಆ ಕಾಗದವನ್ನೇ ಪೊಟ್ಟಣ ಮಡಚುತ್ತೇನೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ. ಒಳಗೆ ತೇವ ನಿಂತು ಬ್ಯಾಕ್ಟೀರಿಯಾ ಎದ್ದುಬಿಡುತ್ತವೆ. ಫ್ರಿಜ್ಜೂ ಬೇಡ. ಸ್ಯಾಂಪಲ್ ಅಂದರೆ ಫ್ರಿಜ್ ಅನ್ನುವ ಅಭ್ಯಾಸ ವಾರ್ಡುಗಳಲ್ಲಿ ಗಟ್ಟಿಯಾಗಿ ಕೂತಿದೆ, ಆದರೆ ಈ ಜಾತಿಯ ಕೆಲವು ಫಂಗಸ್‌ಗಳಿಗೆ ತಣ್ಣಗಿರುವುದು ಆಗಿಬರುವುದಿಲ್ಲ. ಒಣ ಕಾಗದದಲ್ಲಿ, ಕೋಣೆಯ ಬಿಸಿಯಲ್ಲಿ ವಾರಗಟ್ಟಲೆ ಬದುಕಿರುತ್ತವೆ.

ಉಗುರಿನದು ಸ್ವಲ್ಪ ಗೋಳು. ತುದಿಯಲ್ಲಿ ಕತ್ತರಿಸಿದ ಚೂರಿನಲ್ಲಿ ಮಣ್ಣು, ಕೊಳೆ, ಸತ್ತ ಫಂಗಸ್ಸೇ ಹೆಚ್ಚು. ಅದನ್ನು ಬಿಸಾಕಿ, ಉಗುರಿನ ಅಡಿಯಿಂದ, ಬುಡದ ಕಡೆಗೆ ಎಷ್ಟು ಹೋಗಬಹುದೋ ಅಷ್ಟು ಒಳಗಿನ ಪುಡಿ ತೆಗೆಯಬೇಕು. ಸ್ಲೈಡಿನಲ್ಲಿ ಎಳೆ ಕಾಣಬೇಕಾದರೆ ಮೊದಲು ಸ್ಯಾಂಪಲ್ ಮೆತ್ತಗಾಗಬೇಕು. ಚರ್ಮದ ಹೊಟ್ಟು 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ಬೇಗ ಮೆತ್ತಗಾಗುತ್ತದೆ. ಉಗುರಿಗೆ 40% ಹಾಕಿ ಗಂಟೆಗಟ್ಟಲೆ ಕಾಯುತ್ತೇನೆ.

ಕಲ್ಚರ್‌ಗೆ ಸಬುರೋ ಅಗರ್‌ನ (ಫಂಗಸ್ ಬೆಳೆಸುವ ಜೆಲ್ಲಿಯಂಥ ಆಹಾರ) ಎರಡು ಟ್ಯೂಬ್. ಒಂದರಲ್ಲಿ ಸೈಕ್ಲೋಹೆಕ್ಸಿಮೈಡ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಗಾಳಿಯಿಂದ ಬೀಳುವ ಬೂಷ್ಟನ್ನು ಅದು ತಡೆಯುತ್ತದೆ, ಆದರೆ ಉಗುರು ಕೆಡಿಸುವ ಕೆಲವು ಬೂಷ್ಟನ್ನೂ ತಡೆದುಬಿಡುತ್ತದೆ. 25ರಿಂದ 30 ಡಿಗ್ರಿಯಲ್ಲಿ ನಾಲ್ಕು ವಾರ ನೋಡದೆ ನೆಗೆಟಿವ್ ಅಂತ ಬರೆಯುವುದಿಲ್ಲ. ಮೂರನೇ ದಿನಕ್ಕೇ ಫೋನ್ ಮಾಡುವವರಿಗೆ ಬೈಯಲಾಗದು, ಪಾಪ, ತುರಿಕೆ ಅವರದು.

2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮೂಗಿನೊಳಗಿನ ಮಾಂಸದ ತುಂಡು ಬರತೊಡಗಿತು. ಕೆಲವು ಫಾರ್ಮಲಿನ್‌ನಲ್ಲೇ, ಅಂದರೆ ಮಾಂಸ ಕೆಡದಂತೆ ಇಡುವ ದ್ರವದಲ್ಲೇ, ಬರುತ್ತಿದ್ದವು. ಫಾರ್ಮಲಿನ್‌ನಲ್ಲಿ ಫಂಗಸ್ ಸಾಯುತ್ತದೆ, ಮತ್ತೆ ಬೆಳೆಸುವುದೇನನ್ನು? ಸ್ಟೆರೈಲ್ ಸಲೈನ್‌ನಲ್ಲಿ ಬಂದ ತುಂಡನ್ನೂ ಅರೆಯಬಾರದು. ಈ ಫಂಗಸ್‌ನ ಎಳೆಗಳಲ್ಲಿ ಅಡ್ಡಗೋಡೆ ಬಹಳ ಕಡಿಮೆ. ಜಜ್ಜಿದರೆ ಒಳಗಿನದೆಲ್ಲ ಸುರಿದು ಎಳೆಯೇ ಸಾಯುತ್ತದೆ. ಬ್ಲೇಡಿನಿಂದ ಸಣ್ಣಗೆ ಹೆಚ್ಚಿ ಅಗರ್ ಮೇಲೆ ಒತ್ತಿ ಇಡುತ್ತೇನೆ. ಆಪರೇಷನ್ ಥಿಯೇಟರ್‌ನವರಿಗೆ ಹೇಳುವುದು ಇಷ್ಟೇ: ಎರಡು ಬಾಟಲಿ ಕಳಿಸಿ, ಪೆಥಾಲಜಿಗೆ ಫಾರ್ಮಲಿನ್‌ನಲ್ಲಿ, ನಮಗೆ ಸಲೈನ್‌ನಲ್ಲಿ.