ಎಸ್ಟೀಮ್ ಇಂಜಿನ್ ಇಳಿಸದೆ ಟರ್ಬೊ ಕೂರಿಸಿದ ಕಥೆ

"ಬಲೇನೊ ಇಂಜಿನ್ ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ." ನನ್ನ ಹಳೇ ಮಾರುತಿ ಎಸ್ಟೀಮ್‌ನ ಬಾನೆಟ್ ಎತ್ತಿದ ಗ್ಯಾರೇಜಿನಲ್ಲೆಲ್ಲ ಇದೇ ಮಾತು. ಸುಳ್ಳೇನಲ್ಲ. ಎರಡೂ ಸುಜುಕಿಯ ಜಿ ಸರಣಿಯ ಇಂಜಿನ್‌ಗಳು. ಶಿವಾಜಿನಗರದ ಗುಜರಿಯಲ್ಲಿ ನಾಲ್ಕು ಸಲ ಓಡಾಡಿದರೆ ಹಳೇ ಬಲೇನೊದ 1.6 ಲೀಟರ್ ಇಂಜಿನ್ ಸಿಕ್ಕೀತು. ಆದರೆ ಲೆಕ್ಕ ನೋಡಿ. ನನ್ನದು 1298 ಸಿಸಿ, 16 ವಾಲ್ವ್, 85 ಬಿಎಚ್‌ಪಿ. ಬಲೇನೊದ್ದು 94. ಒಂಬತ್ತು ಬಿಎಚ್‌ಪಿಗೋಸ್ಕರ ಚೆನ್ನಾಗಿರುವ ಇಂಜಿನ್ ಇಳಿಸೋದಾ? ಅದರ ಬದಲು ಇದಕ್ಕೇ ಟರ್ಬೊ ಹಾಕೋಣ ಅಂದುಕೊಂಡೆ. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು.

ಇಂಜಿನ್ ನಿಜವಾಗಲೂ ಚೆನ್ನಾಗಿತ್ತು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರ್ 172ರಿಂದ 178 ಪಿಎಸ್‌ಐ ಒಳಗೇ ಬಂದವು. ಅವತ್ತು ಅದರಲ್ಲಿ ಒಂದು 150 ತೋರಿಸಿದ್ದರೆ ನಾನೂ ಬಲೇನೊ ಹಿಂದೆ ಹೋಗುತ್ತಿದ್ದೆ. ಸವೆದ ಇಂಜಿನ್‌ಗೆ ಟರ್ಬೊ ಹಾಕೋದು ಸುಮ್ನೆ ದುಡ್ಡು ಸುಟ್ಟಂತೆ.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನು ಹೀಗೆಲ್ಲ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಾಗಾಗಿ ಕಾರು ಈಗ ರಸ್ತೆಗೆ ಇಳಿಯಲ್ಲ, ಫ್ಲ್ಯಾಟ್‌ಬೆಡ್ ಮೇಲೆ ಟ್ರ್ಯಾಕಿಗೆ ಹೋಗಿ ಬರುತ್ತದೆ. ಮುಂದೆಂದಾದರೂ ಟರ್ಬೊ ಬಿಚ್ಚಿ ಹೊಗೆ ಹೊರಹೋಗುವ ಹಳೇ ಮ್ಯಾನಿಫೋಲ್ಡ್ ಹಾಕಿದರೆ ಆರ್‌ಸಿಯಲ್ಲಿರುವ ಇಂಜಿನ್ ನಂಬರೇ ಕಾರಿನಲ್ಲೂ ಇರುತ್ತದೆ. ಇದೂ ಒಂದು ಸಮಾಧಾನ.

ಮೊದಲ ಟರ್ಬೊ ಆರಿಸುವಾಗ ಜಿಪುಣತನ ಮಾಡಿದೆ. ಡೀಸೆಲ್ ಕಾರಿನದ್ದು ಅಗ್ಗಕ್ಕೆ ಸಿಕ್ಕಿತು, ಹಾಕಿದೆ. ಡೀಸೆಲ್ ಹೊಗೆಯ ಬಿಸಿ ಕಮ್ಮಿ. ಪೆಟ್ರೋಲ್ ಇಂಜಿನ್ ಪೂರ್ತಿ ಲೋಡಿನಲ್ಲಿ 900 ಡಿಗ್ರಿ ಆಸುಪಾಸಿನ ಹೊಗೆ ಉಗುಳುತ್ತದೆ. ಮೂರೇ ತಿಂಗಳಿಗೆ ಹೊಗೆ ಹಾಯುವ ಕವಚ, ಟರ್ಬೈನ್ ಹೌಸಿಂಗ್, ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಆಮೇಲೆ ಪೆಟ್ರೋಲ್ ಕಾರಿನಿಂದ ಬಿಚ್ಚಿದ ಐಎಚ್‌ಐ ಕಂಪನಿಯ ಪುಟ್ಟ ಟರ್ಬೊ ತಂದೆ. ಅದೇ ಇವತ್ತಿಗೂ ಇದೆ.

ಆದರೆ ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡಿದ್ದು ಟರ್ಬೊ ಅಲ್ಲ, ಅದರಿಂದ ಆಯಿಲ್ ವಾಪಸ್ ಬರುವ ಪೈಪು. ಟರ್ಬೊಗೆ ಆಯಿಲ್ ಕೊಡೋದು ಸುಲಭ. ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗದಲ್ಲಿ ಒಂದು ಟಿ ಹಾಕಿದರೆ ಆಯ್ತು, ಪಂಪ್ ತಳ್ಳುತ್ತದೆ. ಬೇರಿಂಗ್ ದಾಟಿದ ಮೇಲೆ ತಳ್ಳುವವರು ಯಾರೂ ಇಲ್ಲ. ಬರೀ ಭಾರಕ್ಕೆ ಇಳಿದು ಸಂಪ್, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿ, ಸೇರಬೇಕು. ನಾನು ಸಂಪಿಗೆ ತೂತು ಕೊರೆದು ಮೂತಿ ಬೆಸೆಸಿದ್ದೆ, ಪೈಪೂ ದಪ್ಪದ್ದೇ ಇತ್ತು. ಆದರೂ ಸಿಗ್ನಲ್‌ನಲ್ಲಿ ನಿಂತ ಹಳೇ ಲೂನಾದ ಹಾಗೆ ನೀಲಿ ಹೊಗೆ. ಟರ್ಬೊ ಸೀಲ್ ಹೋಗಿದೆ ಅಂತ ಎರಡು ಸಲ ಬಿಚ್ಚಿಸಿದೆ. ಸೀಲ್ ಸರಿಯಾಗೇ ಇತ್ತು. ಕೊನೆಗೆ ಪೀಣ್ಯದ ಲೇತ್ ಅಂಗಡಿಯ ಹುಡುಗ ಕಾರಿನ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿ ನಕ್ಕ. "ಸಾರ್, ನಿಮ್ ಪೈಪು ಇಳಿದು ಮತ್ತೆ ಹತ್ತುತ್ತಾ ಇದೆ. ಆಯಿಲ್‌ಗೇನು ಮೆಟ್ಟಿಲು ಹತ್ತೋಕೆ ಬರುತ್ತಾ?" ಪೈಪು ನಡುವೆ ಒಂದು ಇಂಚು ಜೋತುಬಿದ್ದಿತ್ತು. ಆ ಗುಂಡಿಯಲ್ಲಿ ಆಯಿಲ್ ನಿಂತು, ಹಿಂದೆ ತುಂಬಿ, ಸೀಲ್ ದಾಟಿ ಹೊಗೆ ಪೈಪಿಗೆ ಹೋಗುತ್ತಿತ್ತು. ಸಂಪಿನ ಮೂತಿಯನ್ನೂ ಆಯಿಲ್ ಮಟ್ಟಕ್ಕಿಂತ ಮೇಲಕ್ಕೆ ಸರಿಸಿ, ಪೈಪನ್ನು ನೇರ ಇಳಿಜಾರು ಮಾಡಿದೆವು. ಹೊಗೆ ಅವತ್ತೇ ನಿಂತಿತು.

ಇನ್ನು ಗಾಳಿಯ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್ ಇದ್ದರೆ ಇಲ್ಲಿ 91ರ ಹತ್ತಿರ. ಅಂದರೆ ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಸುಮ್ನೆ ಹತ್ತು ಪರ್ಸೆಂಟ್ ಶಕ್ತಿ ಕಳಕೊಂಡೇ ಓಡುತ್ತಿರುತ್ತದೆ. ನಾನು ಇಟ್ಟುಕೊಂಡ ಬೂಸ್ಟ್, ಅಂದರೆ ಟರ್ಬೊ ಸೇರಿಸುವ ಒತ್ತಡ, ಬರೀ ಅರ್ಧ ಬಾರ್ (50 ಕಿಲೋಪಾಸ್ಕಲ್). ಪಿಸ್ಟನ್ ಕಂಪನಿಯದ್ದೇ, ಎರಕದ್ದು. ಜಾಸ್ತಿ ಆಸೆ ಪಡುವ ಹಾಗಿಲ್ಲ. ಅಷ್ಟು ಒತ್ತಿದರೂ 30 ಡಿಗ್ರಿಯ ಗಾಳಿ ಟರ್ಬೊದಿಂದ ಹೊರಬರುವಾಗ 90 ಆಗಿರುತ್ತದೆ. ಹಾಗಾಗಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕೇ ಬೇಕು. ಬಂಪರ್ ಒಳಗೆ ಕೂರಿಸಿದ ಮೇಲೆ 50ಕ್ಕೆ ಇಳಿಯಿತು.

ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಕಂಪನಿಯ ಇಸಿಯು, ಬೂಸ್ಟ್ ಕಂಡಿದ್ದೇ ಅಲ್ಲ. ಅದರ ಜಾಗಕ್ಕೆ ನಾವೇ ಟ್ಯೂನ್ ಮಾಡಬಹುದಾದ ಮೆಗಾಸ್ಕ್ವರ್ಟ್ ಇಸಿಯು ಬಂತು. ಜೊತೆಗೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಎನ್‌ಜಿಕೆ ಕಂಪನಿಯಲ್ಲಿ ಒಂದು ನಂಬರ್ ತಣ್ಣನೆಯ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಬಂದವು. ಪ್ಲಗ್ ಗ್ಯಾಪ್ 0.7 ಮಿ.ಮೀ. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಡಬೇಕು, ಹಳೇ ರಬ್ಬರ್ ಪೈಪುಗಳನ್ನೂ ಬದಲಾಯಿಸಬೇಕು. ಇನ್ನು ನಾಕ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿದು ಇಂಜಿನ್‌ಗೆ ಏಟು ಕೊಡೋದು. ಅದನ್ನು ಕೇಳೋದಕ್ಕೆ ನನ್ನ ಸಾಧನ ತೀರಾ ಬಡವರದ್ದು. ತಾಮ್ರದ ಕೊಳವೆಯ ಒಂದು ತುದಿ ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಮಾಡಿದೆ, ಇನ್ನೊಂದು ತುದಿಗೆ ರಬ್ಬರ್ ಪೈಪು, ಅದರ ಕೊನೆ ಇಯರ್ ಮಫ್ ಒಳಗೆ. ನಾಕ್ ಆದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಚಕ್ರಕ್ಕೆ ಬರುವ ಶಕ್ತಿ ಅಳೆಯುವ ಡೈನೊ ಮೇಲೆ ಅದನ್ನು ಕಿವಿಗೆ ಹಾಕಿಕೊಂಡೇ ಟ್ಯೂನ್ ಮಾಡಿದ್ದು. ಚಕ್ರದಲ್ಲಿ 66 ಬಿಎಚ್‌ಪಿ ಇದ್ದದ್ದು 97 ಆಯಿತು.

ಗೆದ್ದೆ ಅಂದುಕೊಂಡು ಶ್ರೀಪೆರುಂಬುದೂರಿನ ಮದ್ರಾಸ್ ಸರ್ಕ್ಯೂಟಿಗೆ ಹೋದೆ. ಬೂಸ್ಟ್ ಗೇಜ್ ಅದೇ ಅರ್ಧ ಬಾರ್ ತೋರಿಸುತ್ತಿತ್ತು. ಮೂರು ಲ್ಯಾಪ್ ಆದ ಮೇಲೆ ಯಾಕೋ ಅನುಮಾನ ಬಂದು ಪ್ಲಗ್ ಬಿಚ್ಚಿದೆ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ. ನಾಕ್! ಲ್ಯಾಪ್‌ಟಾಪ್ ತೆರೆದು ಇಸಿಯು ದಾಖಲಿಸಿದ ಲಾಗ್ ನೋಡಿದರೆ, ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒತ್ತಡ 151 ಕಿಲೋಪಾಸ್ಕಲ್. ಬೆಂಗಳೂರಿನಲ್ಲಿ 141 ದಾಟಿಯೇ ಇರಲಿಲ್ಲ.

ಆಗ ತಲೆಗೆ ಹೊಳೆಯಿತು. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊದ ಪಕ್ಕಕ್ಕೆ ಬಿಡುವ ಬಾಗಿಲೇ ವೇಸ್ಟ್‌ಗೇಟ್. ಅದರ ಸ್ಪ್ರಿಂಗ್ ಸುತ್ತಲಿನ ಗಾಳಿಯ ಒತ್ತಡದ ಮೇಲೆ ಅರ್ಧ ಬಾರ್ ಸೇರಲು ಬಿಡುತ್ತದೆ, ಅಷ್ಟೇ. ನಮ್ಮೂರಲ್ಲಿ 91ರ ಮೇಲೆ, ಅಲ್ಲಿ 101ರ ಮೇಲೆ. ಇಸಿಯು ಕೋಷ್ಟಕದಲ್ಲಿ ಅಷ್ಟು ಒತ್ತಡದ ಸಾಲುಗಳನ್ನು ನಾನು ಡೈನೊ ಮೇಲೆ ಮುಟ್ಟಿರಲೇ ಇಲ್ಲ, ಅಂದಾಜಿಗೆ ತುಂಬಿಸಿದ್ದೆ. ಮೇಲೆ ಚೆನ್ನೈ ಸೆಕೆ ಬೇರೆ.

ಪಿಟ್‌ನಲ್ಲೇ ಕೂತು 140ರ ಮೇಲಿನ ಸಾಲುಗಳಲ್ಲಿ ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ 3 ಡಿಗ್ರಿ ಇಳಿಸಿದೆ, ಪೆಟ್ರೋಲ್ ಸ್ವಲ್ಪ ಏರಿಸಿದೆ. ವೇಸ್ಟ್‌ಗೇಟ್ ತೆರೆಯುವ ಆಕ್ಚುಯೇಟರ್ ಕಡ್ಡಿಯನ್ನು ಸುತ್ತು ಸುತ್ತಾಗಿ ಉದ್ದ ಮಾಡಿದೆ. ಉದ್ದ ಆದಷ್ಟೂ ಬೂಸ್ಟ್ ಇಳಿಯುತ್ತದೆ. ಮಧ್ಯಾಹ್ನದ ಸೆಶನ್ ಪೂರ್ತಿ ಲಾಗ್ 143 ದಾಟಲಿಲ್ಲ. ಹೊಸ ಪ್ಲಗ್ ನಾಲ್ಕೂ ಬಿಚ್ಚಿ ನೋಡಿದೆ, ಚುಕ್ಕೆಯಿಲ್ಲ, ಮಾರಿ ಬಿಸ್ಕತ್ತಿನ ಬಣ್ಣ. ಈಗ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಚೀಟಿ ಇದೆ: ಬೆಂಗಳೂರಿಗೆ ಕಡ್ಡಿ ಎಷ್ಟು ಸುತ್ತು, ಚೆನ್ನೈಗೆ ಎಷ್ಟು.