ಎಕ್ಸ್‌ಪೀರಿಯನ್ಸ್ ಲೆಟರ್ ಅಸಲಿಯಾ? ನಮ್ಮ ಮಷಿನ್ ಶಾಪ್‌ನಲ್ಲಿ ನಾನು ನೋಡುವ ರೀತಿ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸುವ ಲೇಥ್), ಸ್ವಲ್ಪ ವಿಎಂಸಿ (ಮಿಲ್ಲಿಂಗ್ ಮಷಿನ್), ಎಲ್ಲ ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಮಾಡಿಕೊಡುವ ಕೆಲಸ. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ಬಿಲ್ ಹಾಕುವವನೂ ನಾನೇ, ಕೆಲಸಕ್ಕೆ ಜನ ತೆಗೆದುಕೊಳ್ಳುವವನೂ ನಾನೇ. ಗೇಟಿಗೆ ‘ಆಪರೇಟರ್ ಬೇಕಾಗಿದ್ದಾರೆ’ ಬೋರ್ಡ್ ಬಿದ್ದರೆ ಸಾಕು, ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಹುಡುಗರು ಬರುತ್ತಾರೆ. ಒಳಗಿರುವ ಎಕ್ಸ್‌ಪೀರಿಯನ್ಸ್ ಲೆಟರ್‌ಗಳಲ್ಲಿ ಸುಳ್ಳು ಕಮ್ಮಿ ಏನಿಲ್ಲ. ದೊಡ್ಡ ಕಂಪನಿಗಳು ಇದನ್ನು ಏಜೆನ್ಸಿಗೆ ವಹಿಸುತ್ತವೆ. ನಮ್ಮಂಥವರು ನಾವೇ ನೋಡಿಕೊಳ್ಳಬೇಕು.

ಹೊಗಳಿಕೆಯನ್ನು ನಾನು ಓದುವುದೇ ಇಲ್ಲ. ಎಲ್ಲರೂ ‘ಸಿನ್ಸಿಯರ್ ಆಂಡ್ ಹಾರ್ಡ್‌ವರ್ಕಿಂಗ್’. ನೋಡುವುದು ತಾರೀಖು, ಲೆಟರ್‌ಹೆಡ್ಡಿನಲ್ಲಿರುವ ನಂಬರುಗಳು, ಅಷ್ಟೇ. ಒಬ್ಬ ತಂದ ಪತ್ರದ ತಾರೀಖು 2019ರ ಮಾರ್ಚ್. ಅದರ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಉದ್ಯಮ್ ನಂಬರ್, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ನಂಬರ್ ಇತ್ತು. ಉದ್ಯಮ್ ನೋಂದಣಿ ಶುರುವಾಗಿದ್ದೇ 2020ರ ಜುಲೈ 1ಕ್ಕೆ. ಅದಕ್ಕೆ ಮೊದಲು ಇದ್ದದ್ದು ಉದ್ಯೋಗ್ ಆಧಾರ್. ಜಿಎಸ್‌ಟಿಯೂ ಹಾಗೆಯೇ, 2017ರ ಜುಲೈ 1ಕ್ಕೆ ಬಂತು. 2015ರ ಪತ್ರದಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಅದು ಹೇಗೆ ಬಂತು ಅಂತ ಕೇಳಲೇಬೇಕು. ಹಳೇ ಮಾಲೀಕರು ಈಗಿನ ಲೆಟರ್‌ಹೆಡ್ಡಿನಲ್ಲಿ ಹಳೇ ತಾರೀಖು ಹಾಕಿ ಕೊಟ್ಟಿರಬಹುದು, ಅದೂ ಉಂಟು. ಅದಕ್ಕೇ ಅಲ್ಲೇ ಓಡಿಸಿಬಿಡುವುದಿಲ್ಲ.

ಆಮೇಲೆ ಜಿಎಸ್‌ಟಿ ಪೋರ್ಟಲ್. ಲಾಗಿನ್ ಬೇಡ, ಹದಿನೈದು ಅಕ್ಷರದ ನಂಬರ್ ಹೊಡೆದರೆ ಸಾಕು. ಹೆಸರು, ವಿಳಾಸ, ಯಾವತ್ತು ನೋಂದಣಿ ಆಯಿತು, ಈಗ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಎಲ್ಲ ಬರುತ್ತದೆ. ಮೊದಲ ಎರಡು ಅಂಕಿ 29 ಅಂದರೆ ಕರ್ನಾಟಕ. ವಿಳಾಸ ಪೀಣ್ಯ ಸೆಕೆಂಡ್ ಸ್ಟೇಜ್, ನಂಬರ್ ಶುರುವಾಗುವುದು 33ರಿಂದ, ಅಂದರೆ ತಮಿಳುನಾಡು. ಇಂಥದ್ದನ್ನೂ ನೋಡಿದ್ದೇನೆ.

ಪಿಎಫ್ ಇದ್ದರೆ ಕೆಲಸ ಹಗುರ. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್, ಬಂದಿದ್ದು 2014ರಲ್ಲಿ. ಅದರಲ್ಲಿ ಎಲ್ಲಿ ಯಾವತ್ತು ಸೇರಿದ, ಯಾವತ್ತು ಬಿಟ್ಟ ಅನ್ನುವುದು ಇರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಕೇಳಲೂಬಾರದು. ಅವನ ಫೋನಿನಲ್ಲೇ ತೆಗೆದು ತೋರಿಸು ಅನ್ನುತ್ತೇನೆ. ಆದರೆ ಪಿಎಫ್ ಕಡ್ಡಾಯ ಆಗುವುದು ಇಪ್ಪತ್ತು ಜನ ಇದ್ದ ಮೇಲೆ. ನಮ್ಮ ಸುತ್ತಮುತ್ತ ಎಂಟು ಹತ್ತು ಜನರ ಶೆಡ್‌ಗಳೇ ಜಾಸ್ತಿ. ಅಲ್ಲಿ ಕೈಗೆ ಸಂಬಳ, ಪತ್ರವೂ ಇಲ್ಲ, ಪಿಎಫ್ಫೂ ಇಲ್ಲ. ಆರು ವರ್ಷ ಒಂದೇ ಕಡೆ ದುಡಿದವನ ಹತ್ತಿರ ಒಂದು ತುಂಡು ಕಾಗದ ಇರುವುದಿಲ್ಲ. ಕಾಗದ ಇಲ್ಲದವನ ಮೇಲೆ ನನಗೆ ಅನುಮಾನ ಬರುವುದಿಲ್ಲ. ತೀರಾ ಒಪ್ಪವಾಗಿ ಫೈಲ್ ಜೋಡಿಸಿಕೊಂಡು ಬಂದವನನ್ನೇ ಎರಡು ಸಲ ನೋಡುತ್ತೇನೆ.

ಫೋನ್ ಮಾಡುವುದರಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪತ್ರದಲ್ಲಿರುವ ಮೊಬೈಲಿಗೆ ಮಾಡುವುದಿಲ್ಲ. ಅದು ಹುಡುಗನ ಭಾವಮೈದುನನದ್ದೂ ಆಗಿರಬಹುದು, ಅಲ್ವಾ? ಟೂಲ್ ಸಪ್ಲೈ ಮಾಡುವವರು, ಹೀಟ್ ಟ್ರೀಟ್‌ಮೆಂಟ್‌ನವರು ಎಲ್ಲ ಶಾಪ್‌ಗೂ ಹೋಗುತ್ತಾರೆ. ಅವರಿಂದ ಮಾಲೀಕರ ನಂಬರ್ ತೆಗೆದುಕೊಳ್ಳುತ್ತೇನೆ. ಆ ಹೆಸರಿನ ಶಾಪ್ ಇದೆಯೋ ಇಲ್ಲವೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಹಾಗೆ ಎಲ್ಲೂ ನಂಬರ್ ಸಿಗದೆ ಪತ್ರದ ಮೊಬೈಲಿಗೇ ಮಾಡಬೇಕಾಗಿ ಬಂದರೆ ಬೇಕಂತಲೇ ಒಂದು ತಪ್ಪು ಸೇರಿಸುತ್ತೇನೆ. ಪತ್ರದಲ್ಲಿ ಟರ್ನಿಂಗ್ ಅಂತ ಇದ್ದರೆ, “ನಿಮ್ಮಲ್ಲಿ ವಿಎಂಸಿ ಮೇಲೆ ಇದ್ದರಲ್ಲ ಸಾರ್?” ಅನ್ನುವುದು. ನಿಜವಾದ ಮಾಲೀಕ, “ಯಾವ ವಿಎಂಸಿ ರೀ, ನಮ್ಮಲ್ಲಿ ಇರೋದೇ ಎರಡು ಲೇಥ್” ಅನ್ನುತ್ತಾನೆ. ಸುಳ್ಳು ಮಾಲೀಕ, “ಹೌದು ಸಾರ್, ವಿಎಂಸಿ, ತುಂಬಾ ಒಳ್ಳೆ ಹುಡುಗ” ಅನ್ನುತ್ತಾನೆ. ನಿಜವಾಗಿ ಕೆಲಸ ಕೊಟ್ಟವರು ಒಂದಾದರೂ ದೂರು ಹೇಳುತ್ತಾರೆ. ಹಬ್ಬಕ್ಕೆ ಊರಿಗೆ ಹೋದರೆ ಬರೋದು ಲೇಟು, ನೈಟ್ ಶಿಫ್ಟ್ ಅಂದರೆ ಮುಖ ಗಂಟಿಕ್ಕುತ್ತಾನೆ, ಹೀಗೆ. ಅದು ಕೇಳಿದರೆ ನನಗೆ ಸಮಾಧಾನ.

ಮನೆ ಬಾಡಿಗೆ ವಿಷಯದಲ್ಲಿ ಇದೇ ಕಥೆ ಉಲ್ಟಾ. ಲಗ್ಗೆರೆ ಕಡೆಯ ಮನೆ ಓನರ್ ಒಬ್ಬರು ಫೋನ್ ಮಾಡಿ, “ನಿಮ್ಮಲ್ಲಿ ಸೂಪರ್‌ವೈಸರ್ ಅಂತೆ, ಮನೆ ಕೊಡಬಹುದಾ?” ಅಂದರು. ಆ ಹೆಸರಿನವರು ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂದೆ. ನಮ್ಮದೇ ಲೆಟರ್‌ಹೆಡ್, ಜಿಎಸ್‌ಟಿ ನಂಬರೂ ಸರಿ. ಸರಿ ಇರದೇ ಏನು, ಪ್ರತಿ ಬಿಲ್ಲಿನ ಮೇಲೂ ಇರುತ್ತದಲ್ಲ. ಯಾವುದೋ ಹಳೇ ಕೊಟೇಶನ್ನಿನ ತಲೆಭಾಗ ಸ್ಕ್ಯಾನ್ ಮಾಡಿದ್ದರು, ನಾವು ಬಿಟ್ಟುಹಾಕಿದ ಲ್ಯಾಂಡ್‌ಲೈನ್ ನಂಬರ್ ಅದರಲ್ಲಿ ಹಾಗೇ ಇತ್ತು. ಆ ಯಜಮಾನರು ಬಿಲ್ಲಿನಲ್ಲಿರುವ ನಂಬರ್ ಹುಡುಕಿ ಕರೆ ಮಾಡಿದ್ದಕ್ಕೆ ಬಚಾವಾದರು. ಬಾಡಿಗೆದಾರ ಹಳೇ ಮನೆಯ ಕರಾರುಪತ್ರ ತೋರಿಸಿದರೆ ಇ-ಸ್ಟಾಂಪ್ ಸರ್ಟಿಫಿಕೇಟ್ ನಂಬರ್ ನೋಡಿ ಅಂತ ಅವರಿಗೂ ಹೇಳಿದೆ. ಐಎನ್-ಕೆಎ ಅಂತ ಶುರುವಾಗುವ ಆ ನಂಬರನ್ನೂ ಅದರ ಮೇಲಿರುವ ತಾರೀಖನ್ನೂ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಸೈಟಿನಲ್ಲಿ ಹಾಕಿದರೆ ಅದು ಅಸಲಿಯಾ, ಯಾರ ಹೆಸರಿಗೆ ತೆಗೆದದ್ದು ಅನ್ನುವುದು ಗೊತ್ತಾಗುತ್ತದೆ.

ಆವತ್ತಿನಿಂದ ನಾವು ಕೊಡುವ ಪ್ರತಿ ಪತ್ರಕ್ಕೂ ಔಟ್‌ವರ್ಡ್ ರಿಜಿಸ್ಟರಿನಲ್ಲಿ ನಂಬರ್ ಹಾಕುತ್ತೇವೆ. ಯಾರಾದರೂ ಕರೆ ಮಾಡಿದರೆ ಆ ನಂಬರ್ ಕೇಳಿ ಮುಂದಿನ ಮಾತು.

ಇಷ್ಟೆಲ್ಲ ಆದರೂ ಕೊನೆಗೆ ಮಷಿನ್ ಮುಂದೆ ನಿಲ್ಲಿಸಲೇಬೇಕು. ಮೈಕ್ರೋಮೀಟರ್ ಕೈಗೆ ಕೊಟ್ಟು ಒಂದು ಡಯಾ (ವ್ಯಾಸ) ಅಳೆಯಲು ಹೇಳುತ್ತೇನೆ. ಒತ್ತಡ ಹದದಲ್ಲಿಡುವ ತುದಿಯ ರ‍್ಯಾಚೆಟ್ ತಿರುಗಿಸದೆ ಥಿಂಬಲ್ಲನ್ನೇ (ಅಳತೆ ಗೆರೆ ಇರುವ ತಿರುಗುವ ಭಾಗ) ಬಿಗಿ ಮಾಡಿದರೆ ಮೂರು ವರ್ಷದ ಅನುಭವ ಅಲ್ಲೇ ಮುಗಿಯಿತು. ವರ್ಕ್ ಆಫ್‌ಸೆಟ್ (ಪೀಸಿನ ಸೊನ್ನೆ ಬಿಂದು ಎಲ್ಲಿದೆ ಅಂತ ಮಷಿನ್‌ಗೆ ಹೇಳುವ ಸೆಟ್ಟಿಂಗ್) ತೋರಿಸು ಅಂದರೆ ಗೊತ್ತಿರುವವನ ಬೆರಳು ತಾನಾಗಿಯೇ ಜಿ54 ಪೇಜಿಗೆ ಹೋಗುತ್ತದೆ. ಅರ್ಧ ದಿನ ಕೆಲಸ ಮಾಡಿಸಿ ನೋಡುತ್ತೇನೆ, ಅದಕ್ಕೆ ಕೂಲಿ ಕೊಡುತ್ತೇನೆ.

ಸುಳ್ಳು ಪತ್ರ ತಂದವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಐಟಿಐ ಮುಗಿಸಿದ ಹುಡುಗ ಎಲ್ಲಿ ಹೋದರೂ ಮೂರು ವರ್ಷ ಅನುಭವ ಕೇಳಿದರೆ ಅವನು ಅದನ್ನು ಎಲ್ಲಿಂದ ತರಬೇಕು? ದುಡ್ಡು ಈಸಿಕೊಂಡು ಲೆಟರ್ ಮಾಡಿಕೊಡುವವರು ಅವರ ಕಣ್ಣಿಗೆ ಸುಲಭವಾಗಿ ಬೀಳುತ್ತಾರೆ. ನಮ್ಮ ಬೋರ್ಡಿನಿಂದ ಆ ಮೂರು ವರ್ಷವನ್ನು ತೆಗೆದಿದ್ದೇನೆ. ಈಗ ‘ಡ್ರಾಯಿಂಗ್ ಓದಲು ಬರಬೇಕು, ಹೊಸಬರೂ ಬರಬಹುದು’ ಅಂತಷ್ಟೇ ಬರೆಸಿದ್ದೇನೆ. ಫೋಲ್ಡರ್ ಹಿಡಿದು ಬರುವವರು ಕಮ್ಮಿಯಾಗಿದ್ದಾರೆ. ಕಲಿಸುವ ಕೆಲಸ ಮಾತ್ರ ಜಾಸ್ತಿ ಆಗಿದೆ.